ಅಪ್‌ಡೇಟ್: ದರೋಜಿ ಕರಡಿಧಾಮಕ್ಕೆ ನಮ್ಮ ತಂಡದ ಭೇಟಿ

ಹಂಪಿ ಸಮೀಪದ ದರೋಜಿ ಕರಡಿಧಾಮಕ್ಕೆ ಸ್ವಯಂಸೇವಕರೊಂದಿಗೆ ಯಾವ ಹೊತ್ತಿನಲ್ಲಿ ಹೋಗಬೇಕು, ಅಲ್ಲಿ ಯಾವ ಕೆಲಸಕ್ಕೆ ನೆರವಾಗಬಹುದು ಎಂದು ಹಿಂದೆ ಕೇಳಿದ್ದೆ; ಮಧ್ಯಾಹ್ನದ ನಂತರವೇ ಹೋಗಿ ಎಂದವರಿಗೆಲ್ಲ ಧನ್ಯವಾದಗಳು. ಬೆಳಿಗ್ಗೆ ಅನುಮತಿ ಪಡೆದು ರಸ್ತೆಬದಿಯ ಪ್ಲಾಸ್ಟಿಕ್ ಆಯ್ದೆವು. ಸಂಜೆ ವೀಕ್ಷಣಾ ಗೋಪುರದಿಂದ ನೋಡುತ್ತಿದ್ದಾಗ, ಸಿಬ್ಬಂದಿ ಬಂಡೆಗಳಿಗೆ ಬಳಿದಿದ್ದ ಬೆಲ್ಲದ ಪಾಕವನ್ನು ನೆಕ್ಕಲು ತಾಯಿ ಕರಡಿಯೊಂದು ಮರಿಯನ್ನು ಬೆನ್ನ ಮೇಲೆ ಹೊತ್ತು ಬಂದಿತು. ಮರಿಯು ತಾಯಿಯ ಉದ್ದ ಕೂದಲನ್ನು ಬಿಗಿಯಾಗಿ ಹಿಡಿದಿದ್ದುದು ದುರ್ಬೀನಿನಲ್ಲಿ ಸ್ಪಷ್ಟವಾಗಿ ಕಂಡಿತು. ಆದರೆ ನನ್ನ ಅಭಿಪ್ರಾಯದಲ್ಲಿ, 1994ರಲ್ಲಿ ಘೋಷಿತವಾದ ಈ ಧಾಮದ ಕರಡಿಗಳನ್ನು ನಿಜವಾಗಿ ಉಳಿಸುವುದು ಗೆದ್ದಲು, ಜೇನು ಹಾಗೂ ಕವಳೆ, ಬಾರೆಯಂತಹ ಹಣ್ಣುಗಳಿರುವ ಕುರುಚಲು ಕಾಡೇ. ಹಣ್ಣು ತಿಂದ ಕರಡಿಯ ಹಿಕ್ಕೆಯಿಂದ ಬೀಜಗಳೂ ದೂರಕ್ಕೆ ಹರಡುತ್ತವೆ. ಮಳೆಗಾಲದಲ್ಲಿ ಇಂತಹ ಸಸಿಗಳನ್ನು ನೆಡಲು ಅವಕಾಶ ಕೋರಿ ಅರ್ಜಿ ಸಲ್ಲಿಸಿದ್ದೇವೆ.