ಹಳೆಯ ಮರದ ಮನೆ: ವಾಸ್ತುಶಿಲ್ಪಿಯನ್ನು ಕೇಳಿ

ನಿರ್ವಾಹಕ: ಹಳೆಯ ಮನೆಗಳ ದುರಸ್ತಿ ಮಾಡಿಸುವ ವಾಸ್ತುಶಿಲ್ಪಿಯೊಬ್ಬರು ಇಂದು ಸಂಜೆ ನಮ್ಮ ಗುಂಪಿನಲ್ಲಿದ್ದಾರೆ. ಕಂಬ, ತೊಲೆ, ಮುಚ್ಚಿಗೆ, ಹೆಂಚು, ಏನನ್ನಾದರೂ ಕೇಳಿ. ಫಾರ್ವರ್ಡ್ ಬೇಡ.

ಸಿರ್ಸಿ: ಮೇಡಂ, ಅಟ್ಟದ ಜಂತೆಗಳ ಕೆಳಗೆ ದಿನಾ ಬೆಳಿಗ್ಗೆ ಹಿಟ್ಟಿನಂಥ ಪುಡಿ ಬಿದ್ದಿರುತ್ತದೆ. ಗೆದ್ದಲೇ?

ವಾಸ್ತುಶಿಲ್ಪಿ: ಅಲ್ಲ, ಕುಟ್ಟೆ ಹುಳ. ಗೆದ್ದಲು ಮಣ್ಣಿನ ಹಾದಿ ಕಟ್ಟಿಕೊಂಡು ಬರುತ್ತದೆ. ಕುಟ್ಟೆ ಹೆಚ್ಚಾಗಿ ಹೊರಗಿನ ಬಿಳಿ ಮರವನ್ನು ತಿನ್ನುತ್ತದೆ. ಉಳಿಯಿಂದ ಸ್ವಲ್ಪ ಕೆತ್ತಿ ನೋಡಿ. ಒಳಗಿನ ಚೇಗು ಗಟ್ಟಿಯಿದ್ದರೆ ಗಾಬರಿ ಬೇಡ. ವಾರ್ನಿಷ್ ಇಲ್ಲದ ಒಣ ಮರಕ್ಕೆ ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ದ್ರಾವಣ ಹಚ್ಚಿಸಿ. ಮಳೆ ತಾಗುವ ಕಡೆ ಅದು ತೊಳೆದುಹೋಗುತ್ತದೆ.

ಸಾಗರ: ನಮ್ಮಲ್ಲೂ ಪುಡಿ ಉದುರುತ್ತದೆ. ಏನು ಮಾಡಬೇಕು?

ವಾಸ್ತುಶಿಲ್ಪಿ: ಮೇಲೆ ಹೇಳಿದ್ದನ್ನೇ.

ಶಿವಮೊಗ್ಗ: "ಗೆದ್ದಲಿಗೆ ರಾಮಬಾಣ! ಹಳೆಯ ಎಂಜಿನ್ ಆಯಿಲ್, ಸೀಮೆಎಣ್ಣೆ, ಕರ್ಪೂರ ಕಲಸಿ ಕಂಬಗಳಿಗೆ ಬಳಿಯಿರಿ. ಎಲ್ಲರಿಗೂ ತಿಳಿಸಿ." ಇದು ನಿಜವೇ ಮೇಡಂ?

ವಾಸ್ತುಶಿಲ್ಪಿ: ಸೀಮೆಎಣ್ಣೆ ಕುಡಿದ ಕಂಬದ ಪಕ್ಕದಲ್ಲೇ ದೇವರ ದೀಪ ಹಚ್ಚುತ್ತೀರಿ. ಇನ್ನೇನು ಹೇಳಲಿ? ಆಯಿಲ್ ಬಳಿದ ಮರಕ್ಕೆ ಆಮೇಲೆ ಸರಿಯಾದ ಮದ್ದೂ ಇಳಿಯುವುದಿಲ್ಲ.

ತೀರ್ಥಹಳ್ಳಿ: ಪೇಟೆ ಬೀದಿಯಲ್ಲಿ ನಮ್ಮ ಅಜ್ಜನ ಕಾಲದ ಉಪ್ಪರಿಗೆ ಮನೆಯಿದೆ. ಮುಂದೆ ಜಗುಲಿ, ಒಳಗೆ ತೊಟ್ಟಿ, ಹಲಸಿನ ಕಂಬಗಳು. ಕೆಲವು ವರ್ಷಗಳ ಹಿಂದೆ ನೆಲ ಎತ್ತರಿಸಿ ಟೈಲ್ಸ್ ಹಾಕಿಸಿದೆವು. ಈಗ ಉಪ್ಪರಿಗೆಯ ಬಾಗಿಲು ಮುಚ್ಚುವುದಿಲ್ಲ. ಹತ್ತರಿ ಹೊಡೆದು ಅಂಚು ಸವೆಸಿದರೆ ಸರಿಹೋಗುತ್ತದೆ ಎಂದು ಬಡಗಿ ಹೇಳುತ್ತಾನೆ. ಮುಂದಿನ ತಿಂಗಳು ಜಗುಲಿಯ ಗೋಡೆ ತೆಗೆಸಿ ಅಂಗಡಿಗೆ ಶಟರ್ ಹಾಕಿಸಬೇಕು.

ವಾಸ್ತುಶಿಲ್ಪಿ: ನಿಲ್ಲಿ. ಬಾಗಿಲು ಬೇಸಿಗೆಯಲ್ಲೂ ಹಿಡಿಯುತ್ತದೆಯೇ? ಯಾವ ಮೂಲೆ?

ತೀರ್ಥಹಳ್ಳಿ: ಬೇಸಿಗೆಯಲ್ಲೂ. ಬೀದಿ ಕಡೆಯ ಮೇಲಿನ ಮೂಲೆ. ಕಂಬದ ಕೆಳಗಿನ ಕಲ್ಲು ಈಗ ಕಾಣುವುದಿಲ್ಲ, ಟೈಲ್ಸ್ ಅಡಿಗೆ ಹೋಗಿದೆ.

ವಾಸ್ತುಶಿಲ್ಪಿ: ಹತ್ತರಿ ಮುಟ್ಟಿಸಬೇಡಿ. ಮಳೆಗಾಲದಲ್ಲಿ ಮಾತ್ರ ಬಿಗಿಯಾದರೆ ಮರ ಉಬ್ಬಿದೆ ಎನ್ನಬಹುದು. ವರ್ಷವಿಡೀ ಒಂದೇ ಮೂಲೆ ಹಿಡಿಯುತ್ತಿದ್ದರೆ ಚೌಕಟ್ಟೇ ಓರೆಯಾಗಿದೆ. ಕೆಳಗಿನ ತೊಲೆ ಇಳಿದಿರುವಂತಿದೆ. ನಿಮ್ಮ ಮನೆಯ ಭಾರ ಹೆಂಚಿನಿಂದ ಅದರಡಿಯ ಪಟ್ಟಿಗೆ, ಅಂದರೆ ರೀಪಿಗೆ, ರೀಪಿನಿಂದ ಇಳಿಜಾರಿನ ಪಕಾಸಿಗೆ, ಅಲ್ಲಿಂದ ತೊಲೆ, ಕಂಬದ ತಲೆಯ ಮೇಲಿನ ಬೋದಿಗೆ, ಕಂಬಗಳ ಮೂಲಕ ಅಡಿಗಲ್ಲಿಗೆ ಇಳಿಯಬೇಕು. ಆ ಕಲ್ಲನ್ನು ನೆಲದಿಂದ ಮೇಲೆ ಎತ್ತಿಟ್ಟದ್ದು ಚೆಂದಕ್ಕಲ್ಲ, ಕಂಬದ ಬುಡಕ್ಕೆ ತೇವ ಹತ್ತಬಾರದೆಂದು. ಈಗ ಬುಡ ಸಿಮೆಂಟಿನ ಬಟ್ಟಲಲ್ಲಿ ನಿಂತಿದೆ. ಟೈಲ್ಸಿನಡಿಯ ತೇವಕ್ಕೆ ಹೊರಬರಲು ಉಳಿದ ದಾರಿ ಆ ಕಂಬವೇ. ನೆಲ ಒರೆಸಿದ ನೀರೂ ಅಲ್ಲಿಗೇ ಇಳಿಯುತ್ತದೆ. ಮರದ ತೇವಾಂಶ ಶೇ 20ಕ್ಕಿಂತ ಕೆಳಗಿದ್ದರೆ ಸಾಮಾನ್ಯವಾಗಿ ಕೊಳೆಯುವುದಿಲ್ಲ. ಸದಾ ಒದ್ದೆಯಿದ್ದರೆ ಹಲಸಿನ ಚೇಗೂ ಉಳಿಯುವುದಿಲ್ಲ.

ನನಗೆ ಹೆಚ್ಚು ಭಯ ಜಗುಲಿಯ ಗೋಡೆಯದು. ಕಟ್ಟುವಾಗ ಅದು ಬರಿಯ ಮರೆಗೋಡೆ ಆಗಿದ್ದಿರಬಹುದು. ಕಂಬ ಕುಸಿದಂತೆ ತೊಲೆ ಅದರ ಮೇಲೆ ಬಂದು ಕೂತಿದ್ದರೆ, ಇಂದು ಉಪ್ಪರಿಗೆಯನ್ನು ಹೊತ್ತಿರುವುದು ಆ ಮಣ್ಣಿನ ಗೋಡೆ. ಅದನ್ನು ತೆಗೆಸಲು ಹೊರಟಿದ್ದೀರಿ. ತೆಳುವಾದ ಸ್ಕ್ರೂಡ್ರೈವರ್ ತೆಗೆದುಕೊಂಡು ಕಂಬದ ಬುಡಕ್ಕೆ ನಾಲ್ಕೂ ಬದಿಯಿಂದ ಒತ್ತಿ ನೋಡಿ, ಈಗಲೇ.

ದಾವಣಗೆರೆ: ಇಷ್ಟೆಲ್ಲ ಕಷ್ಟ ಏಕೆ? ಕೆಡವಿ ಆರ್‌ಸಿಸಿ ಕಟ್ಟಿಸಿ. ಮೈಸೂರಿನ ಮರದ ಅರಮನೆಯೇ 1897ರಲ್ಲಿ ಮದುವೆ ಸಂಭ್ರಮದ ನಡುವೆ ಸುಟ್ಟುಹೋಯಿತು.

ಮೈಸೂರು: ಶ್ರೀರಂಗಪಟ್ಟಣದಲ್ಲಿ 1784ರ ದರಿಯಾ ದೌಲತ್ ಇಂದಿಗೂ ನಿಂತಿದೆ. ಅದರ ಕಂಬಗಳೂ ಮರದವೇ.

ದಾವಣಗೆರೆ: ಅದಕ್ಕೆ ಸರ್ಕಾರದ ಕಾವಲಿದೆ. ನಿಮ್ಮ ಮನೆಗೆ ಯಾರಿದ್ದಾರೆ?

ಮೈಸೂರು: ಹಳೆಯ ಮರ ಕೊಂಡು ಮಾರುವುದು ನಿಮ್ಮ ವ್ಯಾಪಾರ. ಅದನ್ನೂ ಗುಂಪಿಗೆ ಹೇಳಿ ಮಾತನಾಡಿ.

ದಾವಣಗೆರೆ: ಕಳ್ಳ ವ್ಯಾಪಾರವೇನೂ ಅಲ್ಲವಲ್ಲ! ಗೆದ್ದಲಿಗೆ ಹಾಕುವ ಬದಲು ನಾಲ್ಕು ಕಾಸು ಸಿಗಲಿ ಎಂದರೆ ತಪ್ಪೇ?

ಕೊಪ್ಪ: ಅರಮನೆಗಳನ್ನು ಬಿಡಿ. ನಾಡಹೆಂಚು ತೆಗೆದು ತಗಡು ಹಾಕಿಸಬಹುದೇ?

ವಾಸ್ತುಶಿಲ್ಪಿ: ಬೆಂಕಿಯ ಭಯವಿದ್ದವರು ಮೊದಲು ತೊಲೆಗೆ ಮೊಳೆ ಹೊಡೆದು ಎಳೆದ ಹಳೆಯ ವೈರು ಬದಲಿಸಿ. ಜಗಳಕ್ಕೆ ಬೇರೆ ಜಾಗ ನೋಡಿಕೊಳ್ಳಿ.

ಶಿವಮೊಗ್ಗ: "ಕಂಬದ ಬುಡಕ್ಕೆ ಸಿಮೆಂಟ್ ಕವಚ ಹಾಕಿದರೆ ನೂರು ವರ್ಷ ಗ್ಯಾರಂಟಿ!"

ವಾಸ್ತುಶಿಲ್ಪಿ: ಅಳಿಸಿ ಇದನ್ನು. ಸಿಮೆಂಟು ಏನು ಮಾಡುತ್ತದೆ ಎಂದು ಇಷ್ಟುದ್ದ ಬರೆದಿದ್ದೇನೆ. ಓದುವುದೇ ಇಲ್ಲವೇ?

ಶಿವಮೊಗ್ಗ: ನಾಲ್ಕು ಜನರಿಗೆ ಉಪಯೋಗವಾಗಲಿ ಎಂದು ಹಾಕಿದೆ. ಇಷ್ಟು ಸಿಡುಕಬೇಕೇ?

ಸಾಗರ: ಬೋರಾಕ್ಸ್ ಎಲ್ಲಿ ಸಿಗುತ್ತದೆ?

ತೀರ್ಥಹಳ್ಳಿ: ಒತ್ತಿ ನೋಡಿದೆ. ಮೂರು ಬದಿ ಗಟ್ಟಿ. ಬೀದಿಯ ಬದಿಯಲ್ಲಿ ಹಿಡಿಕೆಯವರೆಗೂ ಹೋಯಿತು. ಒದ್ದೆಯಾದ ಕಪ್ಪು ಚೂರು ಬಂತು. ಉಪ್ಪರಿಗೆಯಲ್ಲಿ ಅಡಿಕೆ ಚೀಲಗಳಿವೆ.

ವಾಸ್ತುಶಿಲ್ಪಿ: ಚೀಲಗಳನ್ನು ಇಂದೇ ಇಳಿಸಿ. ಒಮ್ಮೆಗೆ ಒಬ್ಬರೇ ಮೇಲೆ ಹೋಗಿ. ರಾತ್ರಿ ಅಲ್ಲಿಯಾಗಲಿ, ಅದರ ಕೆಳಗಾಗಲಿ ಯಾರೂ ಮಲಗಬಾರದು. ತೊಲೆಗೆ ಕಂಬದ ಎರಡೂ ಕಡೆ ಜಾಕಿ ಕೊಟ್ಟು, ಅಡಿಯಲ್ಲಿ ಅಗಲವಾದ ಹಲಗೆ ಹಾಕಬೇಕು. ಎತ್ತಲು ಹೋಗಬೇಡಿ, ಸದ್ಯಕ್ಕೆ ಆಸರೆ ಸಾಕು. ಒಮ್ಮೆಲೇ ಎತ್ತಿದರೆ ತೊಲೆಯ ಕಚ್ಚುಗಳು ಸೀಳುತ್ತವೆ. ಕೊಳೆತ ಬುಡ ಕೊಯ್ದು ಎತ್ತರದ ಕಲ್ಲು ಕೂರಿಸುವುದು ಆಮೇಲಿನ ಕೆಲಸ, ನಾನು ಬಂದು ನೋಡಿದ ಮೇಲೆ. ಶಟರ್ ಬೇಡವೆಂದು ಹೇಳಿಬಿಡಿ.

ತೀರ್ಥಹಳ್ಳಿ: ಮುಂಗಡ ಕೊಟ್ಟಾಗಿದೆ ಮೇಡಂ.

ವಾಸ್ತುಶಿಲ್ಪಿ: ಹೋದರೆ ಹೋಗಲಿ. ಜಾಕಿ ಎಷ್ಟು ಹೊತ್ತಿಗೆ ಬರುತ್ತದೆ, ಅದನ್ನು ಹೇಳಿ.