ಅರಾಜಕತೆ ಇದ್ರೂ ರಾಷ್ಟ್ರಗಳು ಸಹಕರಿಸೋದು ಹ್ಯಾಂಗ? ಉತ್ತರದಾಗ ಭೀಮಾ ನದಿ ಉದಾಹರಣೆ ನಡೀತದೇನ್ರಿ?

ಅಫಜಲಪುರ_ಅಭ್ಯರ್ಥಿ
ಯುಪಿಎಸ್‌ಸಿ ಐಚ್ಛಿಕ ರಾಜ್ಯಶಾಸ್ತ್ರದ ಎರಡನೇ ಪತ್ರಿಕೆಗೆ ಕಲಬುರಗಿಯೊಳಗ ಓದ್ಲಿಕತ್ತೀನ್ರಿ. ವಾಸ್ತವವಾದಿ ವಾಲ್ಟ್ಸ್, ಸಾಂಸ್ಥಿಕವಾದಿ ಕಿಯೋಹೇನ್ ಇಬ್ಬರೂ ಅರಾಜಕತೆ ಒಪ್ತಾರ. ಹಂಗಿದ್ರ ಜಗಳ ಎಲ್ಲದ? 15 ಅಂಕದ ಉತ್ತರಕ್ಕ ಭೀಮಾ ಮ್ಯಾಲಿನ ನಮ್ಮ ಸೊನ್ನ ಬ್ಯಾರೇಜ್ ಉದಾಹರಣೆ ಇಡ್ಬೇಕಂತೀನಿ: ಬ್ಯಾಸಗ್ಯಾಗ ಭೀಮಾ ಬತ್ತತದ, ಮಹಾರಾಷ್ಟ್ರದ ಉಜನಿ ಡ್ಯಾಂನಿಂದ ನೀರು ಬಿಡ್ರಿ ಅಂತ ನಾವು ಕೇಳ್ತೀವಿ, ಮಹಾರಾಷ್ಟ್ರ ತನ್ನ ಕಬ್ಬು ನೋಡ್ಕೋತದ. ಇದು ನಡೀತದೇನು? ಕೈದಿಗಳ ಸಂದಿಗ್ಧದ (ಎದುರಿನವನ ಜೋಡಿ ಸಹಕರಿಸೋದೋ, ಕೈಕೊಡೋದೋ ಅನ್ನೋ ಆಟ) ಅಂಕಿ ಎಲ್ಲಿ ಹಾಕ್ಬೇಕು ಅಂತನೂ ತಿಳೀವಲ್ದು.

ಬೀದರ_ಸರ್
ಭೀಮಾ ತೆಗೆದುಬಿಡಿ. ಅರಾಜಕತೆ ಎಂದರೆ ರಾಷ್ಟ್ರಗಳ ಮೇಲೆ ತೀರ್ಪು ಕೊಟ್ಟು ಜಾರಿ ಮಾಡಿಸುವ ಯಜಮಾನ ಇಲ್ಲದ ಸ್ಥಿತಿ. ಕರ್ನಾಟಕ, ಮಹಾರಾಷ್ಟ್ರಗಳಿಗೆ ಯಜಮಾನ ಇದ್ದಾನೆ: ಸಂವಿಧಾನದ 262ನೇ ವಿಧಿ, 1956ರ ಅಂತರರಾಜ್ಯ ಜಲವಿವಾದ ಕಾಯ್ದೆ, ಅದರಡಿ ಕೃಷ್ಣಾ (ಭೀಮಾ ಅದರ ಉಪನದಿ) ನೀರಿನ ಹಂಚಿಕೆಗೆ 1969ರಲ್ಲಿ ರಚನೆಯಾದ ಬಚಾವತ್ ನ್ಯಾಯಮಂಡಳಿ. ಪ್ರಕಟವಾದ ತೀರ್ಪಿಗೆ ಸುಪ್ರೀಂ ಕೋರ್ಟ್ ಆದೇಶದಷ್ಟೇ ಬಲ ಎಂದು ಕಾಯ್ದೆಯೇ ಹೇಳುತ್ತದೆ. ಪಾಲನೆ ಎಳೆದಾಡುತ್ತದೆ, ಅದು ಬೇರೆ ಮಾತು. ನದಿಯೇ ಬೇಕೆಂದರೆ 1960ರ ಸಿಂಧೂ ಜಲ ಒಪ್ಪಂದ ತಗೊಳ್ಳಿ.

ಜಗಳ ಇರುವುದು ಭಯದ ಬಗೆಯಲ್ಲಿ. ಕಿಯೋಹೇನ್ ಪ್ರಕಾರ ಸಹಕಾರಕ್ಕೆ ಅಡ್ಡಿ ಮೋಸದ ಭಯ. ಸಂಸ್ಥೆಗಳು ಮಾಹಿತಿ ಒದಗಿಸಿ ಅದನ್ನು ತಗ್ಗಿಸಬಲ್ಲವು. ವಾಲ್ಟ್ಸ್ ಕಡೆಯವರು ಹೇಳುವುದು ಪಾಲಿನ ಭಯ: ನನಗೆ ಸಿಕ್ಕಿತು ಸರಿ, ಅವನಿಗೆ ನನಗಿಂತ ಎಷ್ಟು ಹೆಚ್ಚು ಸಿಕ್ಕಿತು?

ಅಂಕಿಗಳು ಮೋಸದ ಭಯದ ಭಾಗಕ್ಕೆ ಸೇರಿದವು. ಇಬ್ಬರೂ ಸಹಕರಿಸಿದರೆ ತಲಾ 3, ಇಬ್ಬರೂ ಕೈಕೊಟ್ಟರೆ ತಲಾ 1, ಒಬ್ಬನೇ ಕೈಕೊಟ್ಟರೆ ಅವನಿಗೆ 5, ನಂಬಿದವನಿಗೆ 0. ಒಂದೇ ಸಲದ ಆಟದಲ್ಲಿ ಎದುರಿನವ ಏನೇ ಮಾಡಲಿ, ಕೈಕೊಡುವುದೇ ಲಾಭ. ಆಟ ಮತ್ತೆ ಮತ್ತೆ ನಡೆದರೆ ಲೆಕ್ಕ ತಿರುಗುತ್ತದೆ. ಒಮ್ಮೆ ಕೈಕೊಟ್ಟವನ ಜೊತೆ ಮುಂದೆಂದೂ ಸಹಕಾರವಿಲ್ಲ ಎಂಬ ಕಡು ನಿಯಮವಿದ್ದರೆ, ಆಟ ಮುಂದುವರಿಯುವ ಸಂಭವ (5−3)/(5−1), ಅಂದರೆ 0.5 ಇದ್ದರೆ ಸಾಕು. ರಾಜ್ಯಶಾಸ್ತ್ರಜ್ಞ ಆಕ್ಸೆಲ್‌ರಾಡ್ ಪ್ರಸಿದ್ಧಗೊಳಿಸಿದ ಮುಯ್ಯಿಗೆ ಮುಯ್ಯಿ ತಂತ್ರ ಒಮ್ಮೆ ತಿರುಗೇಟು ಕೊಟ್ಟು ಆಮೇಲೆ ಕ್ಷಮಿಸುತ್ತದೆ. ಅದಕ್ಕೆ 2/3 ಬೇಕು. ಎರಡನ್ನೂ ಕಲಸಬೇಡಿ.

ಭವಿಷ್ಯದ ನೆರಳು ಅನ್ನುವುದು ಇದನ್ನೇ. ಚೀಟಿ ಎತ್ತಿದವ ಕೊನೆಯ ಕಂತುಗಳಿಗೆ ಮುಖ ತಪ್ಪಿಸುತ್ತಾನಲ್ಲ, ಆಟ ಮುಗಿಯುವ ದಿನ ಗೊತ್ತಿದ್ದರೆ ರಾಷ್ಟ್ರಗಳೂ ಹಾಗೇ.

ಶಹಾಪುರ_ಓದುಗ
ಸರ್ ಹೇಳಿದ್ದಕ್ಕ ವಾಸ್ತವವಾದಿ ಗ್ರೀಕೊನ ತಕರಾರು ಸೇರಸ್ರಿ, ಇಲ್ಲಂದ್ರ ಉತ್ತರ ಒಂದೇ ಕಡೀಗಿ ವಾಲ್ತದ. 1988ರ ಲೇಖನದಾಗ ಅಂವ ಕೊಟ್ಟ ಸೂತ್ರ: ನನ್ನ ಸಮಾಧಾನ = ನನ್ನ ಪಾಲು − ಕೆ × (ಅವನ ಪಾಲು − ನನ್ನ ಪಾಲು). ಕೆ ಅಂದ್ರ ಅವನ ಹೆಚ್ಚಿಗಿ ಪಾಲು ನನ್ನನ್ನ ಎಷ್ಟು ಕಾಡ್ತದ ಅನ್ನೋ ಅಳತೆ. ಒಪ್ಪಂದ ಆದ್ರ ನನಗ 3, ಅವಗ 5. ಆಗದಿದ್ರ ಇಬ್ಬರಿಗೂ 1 ಅನ್ರಿ. ಕೆ ಸೊನ್ನೆ ಇದ್ರ ನನಗ 3, ಒಪ್ಕೋತೀನಿ. ಕೆ 1 ಆದ್ರ 3−2=1, ಮಾಡಿದ್ರೂ ಅಷ್ಟ, ಬಿಟ್ರೂ ಅಷ್ಟ. 1 ದಾಟ್ತು ಅಂದ್ರ ಒಪ್ಪಂದ ಬ್ಯಾಡ. ಇಲ್ಲಿ ಯಾರೂ ಮೋಸ ಮಾಡಿಲ್ಲ ನೋಡ್ರಿ, ಎಷ್ಟು ತಪಾಸಣೆ ಇಟ್ರೂ ಈ ತೊಡಕು ಬಿಡ್ಸಾಕ ಆಗಂಗಿಲ್ಲ. ಮಿತ್ರನ ಜೋಡಿ ಕೆ ಸಣ್ಣದಿರ್ತದ, ವೈರಿ ಜೋಡಿ ದೊಡ್ಡದು.

ತಪಾಸಣೆ ಎಲ್ಲಿ ಕೆಲಸ ಮಾಡ್ತದ ಅನ್ನೋದಕ್ಕ 1987ರ ಐಎನ್‌ಎಫ್ ಒಪ್ಪಂದ (ಅಮೆರಿಕ, ಸೋವಿಯತ್ ನಡುವಿನ ಕ್ಷಿಪಣಿ ಒಪ್ಪಂದ) ಬರೀರಿ. 500ರಿಂದ 5,500 ಕಿ.ಮೀ. ವ್ಯಾಪ್ತಿಯ, ನೆಲದಿಂದ ಹಾರಿಸೋ ಕ್ಷಿಪಣಿಗಳ ನಿಷೇಧ. 1991ರೊಳಗ ಅಮೆರಿಕ 846, ಸೋವಿಯತ್ 1,846, ಒಟ್ಟು 2,692 ನಾಶ. ಸೋವಿಯತ್‌ನ ವೋಟ್ಕಿನ್ಸ್ಕ್ ಕಾರ್ಖಾನೆ ಗೇಟಿನ್ಯಾಗ ಅಮೆರಿಕದ ತಪಾಸಣೆಗಾರರು ಕಾಯಂ ಕುಂತಿದ್ರು. ಯಾಕಂದ್ರ ಅಲ್ಲಿ ತಯಾರಾಗ್ತಿದ್ದ, ನಿಷೇಧ ಇಲ್ಲದ ಎಸ್‌ಎಸ್-25 ಕ್ಷಿಪಣಿಯ ಮೊದಲ ಹಂತ ನಿಷೇಧಿತ ಎಸ್‌ಎಸ್-20ರದ್ದರಂಗೇ ಕಾಣ್ತಿತ್ತು, ಒಂದರ ಹೆಸರಲ್ಲಿ ಇನ್ನೊಂದು ಸಾಗಿಸಬಹುದಿತ್ತು. ಅದಕ್ಕ ಹೊರಗ ಹೋಗೋ ಕ್ಷಿಪಣಿ ಕೊಳವೆಗಳಿಗಿ ಎಕ್ಸ್-ರೇ ಯಂತ್ರ ಹಾಕಿದ್ರು. ಸೋವಿಯತ್‌ನವರು ಅಮೆರಿಕದ ಯೂಟಾದ ಮ್ಯಾಗ್ನಾದಾಗ ಕುಂತಿದ್ರು. 2019ರಾಗ ಒಪ್ಪಂದ ಬಿತ್ತು. ರಷ್ಯಾ ಹೊಸ ಕ್ಷಿಪಣಿಯಿಂದ ಷರತ್ತು ಮುರೀತು ಅಂತ ಅಮೆರಿಕ, ಇಲ್ಲ ಅಂತ ರಷ್ಯಾ.

ಅಫಜಲಪುರ_ಅಭ್ಯರ್ಥಿ
ಸಿಂಧೂ ಒಪ್ಪಂದ 2025ರಾಗ ಭಾರತವೇ ಅಮಾನತಿನ್ಯಾಗ ಇಟ್ತಲ್ರಿ. ಅಂದ್ರ ವಾಸ್ತವವಾದಿಗಳು ಗೆದ್ರು ಅಂತ ಬರೀಲೇನು?

ಬೀದರ_ಸರ್
ಅಷ್ಟು ಬೇಗ ಬೇಡ. ಒಪ್ಪಂದದೊಳಗಿನ ಏರ್ಪಾಡು ಮೊದಲು ನೋಡಿ. ರಾವಿ, ಬಿಯಾಸ್, ಸಟ್ಲೆಜ್ ಭಾರತಕ್ಕೆ. ಸಿಂಧೂ, ಝೇಲಂ, ಚಿನಾಬ್ ಬಹುಪಾಲು ಪಾಕಿಸ್ತಾನಕ್ಕೆ. ಒಂದೇ ನದಿಯ ನೀರನ್ನು ಅಳೆದು ಹಂಚುವ ಬದಲು ನದಿಗಳನ್ನೇ ಹಂಚಿದ್ದರಿಂದ ಮೋಸಕ್ಕೆ ಜಾಗ ಕಡಿಮೆಯಾಯಿತು. ಸಿಂಧೂ ಆಯೋಗ ವರ್ಷಕ್ಕೊಮ್ಮೆಯಾದರೂ ಸೇರಬೇಕು, ದಿನದಿನದ ಹರಿವಿನ ಲೆಕ್ಕವನ್ನು ತಿಂಗಳಿಗೊಮ್ಮೆ ವಿನಿಮಯ ಮಾಡಬೇಕು. ತಕರಾರು ಬಂದರೆ ಆಯೋಗ, ಆಮೇಲೆ ತಟಸ್ಥ ತಜ್ಞ ಅಥವಾ ಮಧ್ಯಸ್ಥಿಕೆ ನ್ಯಾಯಾಲಯ. 2007ರಲ್ಲಿ ತಜ್ಞರು ಚಿನಾಬ್ ಮೇಲಿನ ಭಾರತದ ಬಗ್ಲಿಹಾರ್ ಅಣೆಕಟ್ಟಿನ ಎತ್ತರ 1.5 ಮೀಟರ್ ತಗ್ಗಿಸಲು ಹೇಳಿದರು, ವಿನ್ಯಾಸದ ಮುಖ್ಯ ಅಂಶಗಳನ್ನು ಒಪ್ಪಿದರು. 1965, 1971, 1999ರ ಯುದ್ಧಗಳಲ್ಲೂ ಒಪ್ಪಂದ ಉಳಿಯಿತು.

2025ರ ಏಪ್ರಿಲ್‌ನಲ್ಲಿ ಅದು ನಿಂತದ್ದು ನೀರಿನ ಮೋಸದಿಂದಲ್ಲ, ಪಹಲ್ಗಾಮ್ ದಾಳಿಯ ನಂತರ ಭಯೋತ್ಪಾದನೆಗೆ ಅದನ್ನು ತಳಕು ಹಾಕಿದ್ದರಿಂದ. ವಿಷಯಗಳನ್ನು ಒಂದಕ್ಕೊಂದು ಕಟ್ಟಿದರೆ ಸಹಕಾರ ಗಟ್ಟಿಯಾಗುತ್ತದೆ ಎಂದು ಸಾಂಸ್ಥಿಕವಾದಿಗಳು ಹೇಳುತ್ತಾರಲ್ಲ, ಅದೇ ಗಂಟು ಇಲ್ಲಿ ಉಲ್ಟಾ ಎಳೆಯಿತು. ಈ ಮಾತು ಬರೆದರೆ ಎರಡೂ ಪಂಥಕ್ಕೆ ನ್ಯಾಯ. ಹಾಗೇ ‘ರದ್ದು’ ಎಂದು ಬರೆಯಬೇಡಿ: 12ನೇ ವಿಧಿಯ ಪ್ರಕಾರ ಎರಡೂ ಸರ್ಕಾರಗಳು ಇನ್ನೊಂದು ಒಪ್ಪಂದ ಮಾಡಿಕೊಂಡು ಮುಗಿಸುವವರೆಗೆ ಇದು ಜಾರಿಯಲ್ಲಿರುತ್ತದೆ.

ಶಹಾಪುರ_ಓದುಗ
ರಚನಾವಾದಕ್ಕ (ಶಸ್ತ್ರದ ಎಣಿಕೆಗಿಂತ ಸಂಬಂಧದ ಅರ್ಥ ದೊಡ್ಡದು ಅನ್ನೋ ಪಂಥ) ಎರಡು ಸಾಲು ಸಾಕ್ರಿ. ಬ್ರಿಟನ್ನಿನ 500 ಅಣ್ವಸ್ತ್ರಕ್ಕಿಂತ ಉತ್ತರ ಕೊರಿಯಾದ 5 ಅಮೆರಿಕಕ್ಕ ಹೆಚ್ಚು ಅಂಜಿಕೆ ಹುಟ್ಟಸ್ತಾವ ಅಂತ ಆ ಪಂಥದ ವೆಂಡ್ಟ್ ಹೇಳಿದ್ದು. ಅದನ್ನ ಕೊನಿಗಿ ತುರುಕಬ್ಯಾಡ್ರಿ, ಕೆ ಯಾಕ ಸಣ್ಣದು, ಯಾಕ ದೊಡ್ಡದು ಅನ್ನೋ ಜಾಗದಾಗ ಇಡ್ರಿ.