ಮೈಲುತುತ್ತದ ನೀಲಿ ಮರಳಿ ಬಂದರೆ ಅದು ಭೌತ ಬದಲಾವಣೆಯೇ?

ಪ್ರಶ್ನೆ – ಪಾಲಕರು, ಕೊಪ್ಪಳ ತಾಲ್ಲೂಕು

ಏಳನೇ ತರಗತಿಯ ನನ್ನ ಮಗಳು ಶಾಲೆಯಲ್ಲಿ ಮೈಲುತುತ್ತದ (ತಾಮ್ರದ ಸಲ್ಫೇಟಿನ) ಹರಳನ್ನು ಪ್ರನಾಳದಲ್ಲಿ ಕಾಯಿಸುವುದನ್ನು ನೋಡಿ ಬಂದಳು. ನೀಲಿ ಹರಳು ಬಿಳಿ ಪುಡಿಯಾಯಿತಂತೆ. ಆರಿದ ಮೇಲೆ ಎರಡು ಹನಿ ನೀರು ಬಿಟ್ಟೊಡನೆ ಮತ್ತೆ ನೀಲಿಯಾಯಿತಂತೆ. ಹಿಂದಿನ ಸ್ಥಿತಿಗೆ ಮರಳುವುದೆಲ್ಲ ಭೌತ ಬದಲಾವಣೆ ಎಂದು ಅವಳ ಟಿಪ್ಪಣಿಯಲ್ಲಿದೆ. ಅದನ್ನೇ ನಂಬಿ ಪರೀಕ್ಷೆಯಲ್ಲಿ ‘ಭೌತ’ ಎಂದು ಬರೆದದ್ದು ತಪ್ಪಾಯಿತು. ಹಾಗಾದರೆ ಗುರುತಿಸುವುದು ಯಾವುದರಿಂದ?

ಉತ್ತರ – ವಿಜ್ಞಾನ ಶಿಕ್ಷಕ, ರಾಯಚೂರು

ತಪ್ಪು ಮಗುವಿನದಲ್ಲ, ಆ ಟಿಪ್ಪಣಿಯದು. ಕೇಳಬೇಕಾದದ್ದು ಒಂದೇ: ಹೊಸ ವಸ್ತು ಹುಟ್ಟಿತೇ? ನೀಲಿ ಹರಳಿನಲ್ಲಿ ತಾಮ್ರದ ಸಲ್ಫೇಟಿನ ಪ್ರತಿ ಘಟಕಕ್ಕೂ ನೀರಿನ 5 ಅಣುಗಳು ಬಂಧಗೊಂಡಿರುತ್ತವೆ. ಅದು ಒದ್ದೆ ಬಟ್ಟೆಯಲ್ಲಿ ನಿಂತ ನೀರಿನಂತಲ್ಲ, ಹರಳಿನ ರಚನೆಯ ಭಾಗವೇ ಆಗಿರುತ್ತದೆ. ಕಾಯಿಸಿದಾಗ ಆ ಬಂಧ ಕಡಿದು ನೀರು ಹೊರಟುಹೋಗುತ್ತದೆ, ಉಳಿಯುವ ಬಿಳಿ ಪುಡಿ ಬೇರೆಯೇ ವಸ್ತು. ಮರಳಿ ನೀರು ಬಿಟ್ಟಾಗ ಪ್ರನಾಳವನ್ನು ಮುಟ್ಟಿ ನೋಡಲು ಹೇಳಿ. ಹೊಸ ಬಂಧ ಕೂಡುವಾಗ ಹೊಮ್ಮುವ ಶಾಖ ಬೆರಳಿಗೇ ತಿಳಿಯುತ್ತದೆ. ಮರಳಿ ಬರುವ ರಾಸಾಯನಿಕ ಬದಲಾವಣೆಗಳೂ ಇವೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಉತ್ತರ – ದಾಳಿಂಬೆ ಬೆಳೆಗಾರ, ಕುಷ್ಟಗಿ

ಅದೇ ಮೈಲುತುತ್ತವನ್ನು ನಾವು ತೋಟಕ್ಕೆ ಸಿಂಪಡಿಸುತ್ತೇವೆ. ಶಿಲೀಂಧ್ರ ರೋಗ ತಡೆಯುವ ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಕಲಸಿದ ಮೇಲೆ ಉಜ್ಜಿ ತೊಳೆದ ಕುಡುಗೋಲಿನ ಬಾಯನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತೇವೆ. ಕೆಂಪು ಪೊರೆ ಕಟ್ಟಿದರೆ ಸುಣ್ಣ ಸಾಲದು ಎಂದರ್ಥ, ಇನ್ನಷ್ಟು ಸುಣ್ಣದ ತಿಳಿ ಹಾಕುತ್ತೇವೆ. ಬಹಳ ಜನ ಅದನ್ನು ತುಕ್ಕು ಎನ್ನುತ್ತಾರೆ, ನಾನೂ ಹಾಗೆಯೇ ತಿಳಿದಿದ್ದೆ, ಅದು ತಾಮ್ರ. ಕುಡುಗೋಲಿನ ಕಬ್ಬಿಣ ಕರಗಿ ದ್ರಾವಣಕ್ಕೆ ಇಳಿಯುತ್ತದೆ, ಆ ಜಾಗಕ್ಕೆ ದ್ರಾವಣದ ತಾಮ್ರ ಬಂದು ಕೂರುತ್ತದೆ. ಮಗಳಿಗೆ ಮೈಲುತುತ್ತದ ನೀರಿನಲ್ಲಿ ಒಂದು ಕಬ್ಬಿಣದ ಮೊಳೆಯನ್ನು ಅದ್ದಿ ತೋರಿಸಿ, ಆದರೆ ಮೈಲುತುತ್ತ ವಿಷ, ಕೈ ತೊಳೆಯದೆ ಬಿಡಬೇಡಿ.

ಉತ್ತರ – ಸಂಡೂರು

ಮರಳಿ ಬಂದರೂ ರಾಸಾಯನಿಕ ಎಂಬುದರ ತಿರುಗುಮುರುಗು ನಮ್ಮಲ್ಲಿದೆ. ಇಲ್ಲಿಯ ಕಬ್ಬಿಣದ ಅದಿರನ್ನು ಅರೆದು ಹಿಟ್ಟು ಮಾಡಿದರೆ ಅದು ಎಂದೂ ಬಂಡೆಯಾಗದು, ಆದರೂ ಅದು ಭೌತ ಬದಲಾವಣೆಯೇ, ಏಕೆಂದರೆ ಹಿಟ್ಟಿನ ಪ್ರತಿ ಕಣವೂ ಹೆಮಟೈಟ್ (ಕಬ್ಬಿಣ, ಆಕ್ಸಿಜನ್ ಕೂಡಿದ ಖನಿಜ) ಆಗಿಯೇ ಉಳಿದಿರುತ್ತದೆ. ತೋರಣಗಲ್ಲಿನ ಊದು ಕುಲುಮೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅದರ ಆಕ್ಸಿಜನ್ನನ್ನು ಕಿತ್ತುಕೊಂಡಾಗ ಮಾತ್ರ ಅದಿರು ಕಬ್ಬಿಣವಾಗುತ್ತದೆ. ಬಣ್ಣವನ್ನೂ ಕುರುಡಾಗಿ ನಂಬಬಾರದು: ಕಮ್ಮಾರನ ಒಲೆಯಲ್ಲಿ ಕೆಂಡದಂತಾದ ಕಬ್ಬಿಣ ಆರಿದರೆ ಕಬ್ಬಿಣವೇ, ಸುತ್ತಿಗೆ ಬಿದ್ದಾಗ ಉದುರುವ ಕರಿ ಪೊರೆ ಮಾತ್ರ ಗಾಳಿಯ ಆಕ್ಸಿಜನ್ ಸೇರಿ ಹುಟ್ಟಿದ ಹೊಸ ವಸ್ತು.

ಮರುಪ್ರಶ್ನೆ – ಪಾಲಕರು

ಎಲ್ಲರಿಗೂ ಕೃತಜ್ಞತೆಗಳು. ಮೊಳೆ ಕೆಂಪಾದದ್ದನ್ನು ನೋಡಿ ಮಗಳು ಮತ್ತೊಂದು ಕೇಳಿದ್ದಾಳೆ, ಗುರುಗಳೇ: ಭಟ್ಟಿಯ ಬಿಸಿ ಮರಳಿನಲ್ಲಿ ಅಕ್ಕಿ ಅರಳಿ ಮಂಡಾಳು ಆಗುವುದು ಯಾವುದು?

ಉತ್ತರ – ವಿಜ್ಞಾನ ಶಿಕ್ಷಕ, ರಾಯಚೂರು

ಕಾಳಿನೊಳಗಿನ ತೇವ ಆವಿಯಾಗಿ ಒಮ್ಮೆಲೇ ಹಿಗ್ಗುವುದರಿಂದ ಅಕ್ಕಿ ಅರಳುತ್ತದೆ, ಆದ್ದರಿಂದ ಅರಳುವಿಕೆಯನ್ನು ಭೌತ ಎನ್ನಬೇಕು. ಮರಳು ವಿಪರೀತ ಕಾದು ಕೆಲವು ಕಾಳು ಕಂದಿ ಸೀದ ವಾಸನೆ ಬಂದರೆ, ಆ ಕಾಳುಗಳಲ್ಲಿ ಪಿಷ್ಟವೇ ಒಡೆದು ಬೇರೆ ವಸ್ತುಗಳಾಗಿರುತ್ತವೆ. ಒಂದೇ ಭಟ್ಟಿಯಲ್ಲಿ ಎರಡೂ ನಡೆಯುತ್ತವೆ ಎಂದು ಬರೆಯಲು ಹೇಳಿ. ನಾನಾದರೆ ಆ ಉತ್ತರಕ್ಕೆ ಪೂರ್ಣ ಅಂಕ ಕೊಡುತ್ತೇನೆ.